ಗೋದಲಿಯ ಹುಲ್ಲು



ಮನೆಮನೆಯಲ್ಲಿ ಗೋದಲಿ ಕಟ್ಟುವ ಸಡಗರ. ಇದರ ಮೂಲ ಹುಡುಕಿದರೆ 1223ರ ಕ್ರಿಸ್ತ ಜಯಂತಿಗೆ, ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಗೆ ಹೋಗುತ್ತೇವೆ. ಅಸ್ಸಿಸಿಯ ಸಂತ ಫ್ರಾನ್ಸಿಸರು ಅಲ್ಲಿ ಬಣ್ಣದ ಬೊಂಬೆಗಳನ್ನು ಇಡಲಿಲ್ಲ. ಹುಲ್ಲು ತುಂಬಿದ ಮೇವಿನ ತೊಟ್ಟಿ, ಜೀವಂತ ಎತ್ತು, ಕತ್ತೆ, ಅಲ್ಲಿಯೇ ಬಲಿಪೂಜೆ. ಅವರ ಜೀವನಚರಿತ್ರೆ ಬರೆದ ಚೆಲಾನೊದ ತೋಮಸರು ಇನ್ನೊಂದು ಸಂಗತಿ ತಿಳಿಸುತ್ತಾರೆ. ಆ ದಿನ ಉಳ್ಳವರು ಬಡವರಿಗೆ ಹೊಟ್ಟೆತುಂಬ ಉಣಬಡಿಸಬೇಕು, ಎತ್ತು ಕತ್ತೆಗಳಿಗೆ ಎಂದಿಗಿಂತ ಹೆಚ್ಚು ಮೇವು ಹಾಕಬೇಕು, ಹಕ್ಕಿಗಳಿಗೆ ದಾರಿಯಲ್ಲಿ ಕಾಳು ಚೆಲ್ಲಬೇಕು ಎಂಬುದು ಸಂತರ ಆಸೆ. ಚಕ್ರವರ್ತಿ ಸಿಕ್ಕರೆ ಇದನ್ನೇ ಶಾಸನ ಮಾಡಿಸಬೇಕೆಂದಿದ್ದರಂತೆ!

ಹುಮನಾಬಾದ್, ಬಸವಕಲ್ಯಾಣದ ಮಕ್ಕಳಿಗೆ ಇದು ಹೊಸತಲ್ಲ. 12ನೆಯ ಶತಮಾನದ ಶರಣರ ದಾಸೋಹದ ನೆಲವಿದು. ನಮ್ಮ ಹಬ್ಬದ ಹಿಂದೆಮುಂದೆ ಬರುವ ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವುದನ್ನೂ ಬಂದವರಿಗೆಲ್ಲ ಭಜ್ಜಿ ಬಡಿಸುವುದನ್ನೂ ಅವರು ಕಂಡಿದ್ದಾರೆ. ನಮ್ಮ ಗೋದಲಿ ಮಾತ್ರ ಅಂಗಡಿಯಿಂದ ಬರುತ್ತಿದೆ. ಸೀರಿಯಲ್ ಲೈಟ್ ಹಚ್ಚಿದರೆ ಮುಗಿಯಿತು, ಮಕ್ಕಳಿಗೆ ಕೆಲಸವೇ ಇಲ್ಲ. (ಒಂದು ವರ್ಷ ಪ್ಲಾಸ್ಟಿಕ್ ಹುಲ್ಲು ತಂದವನು ನಾನೂ ಹೌದು.)

ಕಥೋಲಿಕ ಕುಟುಂಬಗಳಲ್ಲಿ ಒಂದು ರೂಢಿಯಿದೆ. ಆಗಮನ ಕಾಲದಲ್ಲಿ ಖಾಲಿ ಗೋದಲಿ ಇಟ್ಟು, ಮಗು ಒಳ್ಳೆಯ ಕೆಲಸ ಮಾಡಿದಾಗಲೆಲ್ಲ ಅದರಲ್ಲಿ ಒಂದೆಳೆ ಹುಲ್ಲು ಹಾಕಿಸುವುದು. ನಮ್ಮಲ್ಲಿ ಜೋಳದ ಕಣಿಕೆ ಸಾಕು. ತಮ್ಮನಿಗೆ ಆಟಿಕೆ ಕೊಟ್ಟರೆ ಒಂದು, ಪಕ್ಕದ ಮನೆಯ ಅಜ್ಜಿಗೆ ನೀರು ತಂದುಕೊಟ್ಟರೆ ಒಂದು. ಬಹುಮಾನ ಬೇಡ, ಲೆಕ್ಕವೂ ಬೇಡ. 24ರ ರಾತ್ರಿ ಬಾಲಯೇಸುವನ್ನು ಅದರ ಮೇಲೆ ಮಲಗಿಸಿ. ಹಬ್ಬ ಮುಗಿದ ಮೇಲೆ ಆ ಕಣಿಕೆಯನ್ನು ಮಕ್ಕಳೇ ಓಣಿಯ ಎತ್ತಿಗೆ ತಿನ್ನಿಸಲಿ.