ಪಂಚಕಲ್ಯಾಣದ ಬಯಲಿನಲ್ಲಿ ಪುರಾತನ ಜೀವನ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಗ್ರಾಮಗಳಲ್ಲಿ ಬಸದಿಯ ಪ್ರತಿಷ್ಠೆ ನೆರವೇರುವಾಗ ಊರ ಹೊರಗಿನ ಬಯಲು ಐದು ದಿನಗಳ ಮಟ್ಟಿಗೆ ಅಯೋಧ್ಯೆಯಾಗುತ್ತದೆ. ಕಬ್ಬು ಕಡಿದು ಹಸನು ಮಾಡಿದ ಹೊಲದಲ್ಲಿ ಮಂಟಪ ಏಳುತ್ತದೆ. ನಿನ್ನೆಯವರೆಗೆ ತಕ್ಕಡಿ ಹಿಡಿದಿದ್ದ ವರ್ತಕನು ಸವಾಲಿನಲ್ಲಿ ಸೌಧರ್ಮೇಂದ್ರನ ಸ್ಥಾನ ಪಡೆದು ಆನೆಯನ್ನೇರುತ್ತಾನೆ; ಒಕ್ಕಲುತನದ ದಂಪತಿಗಳು ನಾಭಿರಾಜ ಮರುದೇವಿಯರಾಗಿ, ವ್ರತನಿಯಮಗಳನ್ನು ಪಾಲಿಸಿ, ಹದಿನಾರು ಸ್ವಪ್ನಗಳ ಫಲವನ್ನು ಸಭೆಗೆ ತಿಳಿಸುತ್ತಾರೆ.

ಪಾಶ್ಚಾತ್ಯ ದೇಶಗಳಲ್ಲಿ ಬಯಲು ವಸ್ತುಸಂಗ್ರಹಾಲಯಗಳೆಂಬುವು ಇವೆ. ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ 1891ರಲ್ಲಿ ಆರಂಭವಾದ ಸ್ಕಾನ್ಸೆನ್ ಅವುಗಳಲ್ಲಿ ಹೆಸರಾದುದು. ಅಂಥ ಸ್ಥಳಗಳಲ್ಲಿ ಹಳೆಯ ಉಡುಪಿನ ಜನರು ಹಳೆಯ ಮನೆಗಳಲ್ಲಿ ಹಳೆಯ ಕಸಬುಗಳನ್ನು ಮಾಡಿ ತೋರಿಸುತ್ತಾರೆ. ನಿಪ್ಪಾಣಿಯಿಂದ ಕೊಲ್ಲಾಪುರದ ಕಡೆಗೆ ಹೋಗುವಾಗ ಸಿಗುವ ಕಣೇರಿ ಮಠದಲ್ಲಿಯೂ ಹಿಂದಿನ ಗ್ರಾಮಜೀವನವನ್ನು ಆಳೆತ್ತರದ ಪ್ರತಿಮೆಗಳಲ್ಲಿ ರಚಿಸಿ ಇಡಲಾಗಿದೆ. ಅಲ್ಲಿ ಕುಂಬಾರನು ಚಕ್ರದ ಮುಂದೆ ಸ್ಥಿರವಾಗಿ ಕುಳಿತಿದ್ದಾನೆ. ಪಂಚಕಲ್ಯಾಣದಲ್ಲಿಯಾದರೋ ಜೀವಂತ ಮನುಷ್ಯರೇ ನಡೆದಾಡುತ್ತಾರೆ. ಇದು ಪೂಜೆಯೇ ಹೊರತು ಪ್ರದರ್ಶನವಲ್ಲ, ನಿಜ. ಆದರೆ ಇಲ್ಲಿ ಕಾಣುವ ಕಥೆಗೆ ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣ, ಅದನ್ನನುಸರಿಸಿ 941ರಲ್ಲಿ ಪಂಪನು ಕನ್ನಡದಲ್ಲಿ ರಚಿಸಿದ ಕಾವ್ಯ, ಇವು ಆಧಾರ. ಆದಿನಾಥನ ರಾಜಸಭೆಯಲ್ಲಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳ ಉಪದೇಶವಾಗುವಾಗ ಪ್ರಾಚೀನ ಸಮಾಜವೇ ಕಣ್ಣೆದುರು ನಿಂತಂತಾಗುತ್ತದೆ.

ಇಷ್ಟಿದ್ದರೂ ವೇಷಭೂಷಣದ ವಿಷಯದಲ್ಲಿ ಎಚ್ಚರಿಕೆ ಸಾಲದು. ಬಾಡಿಗೆಗೆ ತಂದ ಮಖಮಲ್ಲಿನ ಅಂಗಿ, ರಟ್ಟಿನ ಕಿರೀಟಗಳು ನಾಟಕ ಕಂಪನಿಗಳ ಬಳುವಳಿ, ಪುರಾಣಕಾಲದವಲ್ಲ. ಹಳೆಯ ಶಿಲಾಬಿಂಬಗಳ ಎರಡು ಪಕ್ಕಗಳಲ್ಲಿ ನಿಂತಿರುವ ಚಾಮರಧಾರಿಗಳನ್ನು ನೋಡಿದರೆ ಸಾಕು. ಸೊಂಟದಲ್ಲಿ ಧೋತ್ರ, ಬರಿಯ ಎದೆಯ ಮೇಲೆ ಹಾರ, ತೋಳಿನಲ್ಲಿ ಭುಜಕೀರ್ತಿ. ಶಿಲ್ಪಿಯು ಕಲ್ಲಿನಲ್ಲಿ ಬರೆದಿಟ್ಟುದನ್ನು ದಿನವೂ ದರ್ಶನ ಮಾಡುವವರೇ ಮರೆತಿರುವುದು ಸೋಜಿಗ! ಖರ್ಚೂ ಕಡಿಮೆಯಾದೀತು.

ಇನ್ನು ಈ ನಾಡಿನ ಸ್ವಂತ ಇತಿಹಾಸ. ರಟ್ಟರ ಆಳ್ವಿಕೆಯ ಕಾಲದಲ್ಲಿ ಇದು ಬಸದಿಗಳಿಂದ ತುಂಬಿದ ಪ್ರದೇಶವಾಗಿತ್ತು. ರಾಯಬಾಗದಿಂದ ದೂರವಲ್ಲದ ತೇರದಾಳದಲ್ಲಿ ಗೊಂಕನು ನೇಮಿನಾಥ ಬಸದಿಯನ್ನು ಕಟ್ಟಿಸಿದ ಸಂಗತಿ 1123ರ ಶಾಸನದಲ್ಲಿದೆ. ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿ 1394ರ ಶಾಸನವಿದ್ದು, ಯಾಪನೀಯ ಸಂಘದ ಮುನಿಗಳ ಹೆಸರುಗಳನ್ನು ಉಳಿಸಿಕೊಟ್ಟಿದೆ. ಆ ಸಂಘದ ಕೊನೆಯ ಕುರುಹುಗಳಲ್ಲಿ ಇದೊಂದು. ಬೆಳಗಾವಿಯಲ್ಲಿ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣನು ಕಟ್ಟಿಸಿದ ರಟ್ಟ ಜಿನಾಲಯಕ್ಕೆ 1204ರಲ್ಲಿ ದತ್ತಿಗಳಾದಾಗ ಅರಸನೊಬ್ಬನೇ ಕೊಡಲಿಲ್ಲ. ಲಾಳ ದೇಶದ ಹಾಗೂ ಮಲೆಯಾಳದ ವ್ಯಾಪಾರಿಗಳೂ ಕೂಡಿ ತಮ್ಮ ಸರಕುಗಳ ಮೇಲೆ ಬಸದಿಗೆ ಇಂತಿಷ್ಟು ಎಂದು ಗೊತ್ತುಪಡಿಸಿದರು. ಆ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ. ಕಲ್ಲು ದೂರ ಹೋದ ಮೇಲೆ ನೆನಪೂ ಹೋಗಬೇಕೆ?

ಮಹೋತ್ಸವದ ರಾತ್ರಿಗಳಲ್ಲಿ ಸಿನೆಮಾ ಧಾಟಿಯ ನೃತ್ಯಗಳಿಗೆ ಮೀಸಲಾದ ಸಮಯದಲ್ಲಿ ಅರ್ಧ ತಾಸನ್ನು ಈ ಸಂತೆಗೆ ಕೊಟ್ಟರೆ ಸಾಕು. ಎತ್ತಿನ ಹೇರುಗಳು, ಎಲೆ ಅಡಿಕೆಯ ರಾಶಿ, ಎಣ್ಣೆಯ ಕೊಡ, ಲೆಕ್ಕ ಬರೆಯುವ ಕರಣಿಕ, ಧಾರೆಯೆರೆಯುವ ಬೀಚಣ. ಅಂಗಡಿಕಾರರ ಮಕ್ಕಳೇ ಪಾತ್ರ ವಹಿಸಬಹುದು. ಬಸದಿಯ ದೀಪಕ್ಕೆ ಎಣ್ಣೆ ಎಲ್ಲಿಂದ ಬರುತ್ತಿತ್ತೆಂಬುದು ಅವರಿಗೂ ತಿಳಿದೀತು. ಧರ್ಮಸ್ಥಳದಲ್ಲಿ 2019ರ ಬಾಹುಬಲಿ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಪಂಚಮಹಾವೈಭವದ ರೂಪಕದ ಮೂಲಕ ಭರತ ಬಾಹುಬಲಿಯರ ಕಥೆಯನ್ನು ಸಹಸ್ರಾರು ಜನರೆದುರು ನಡೆಸಿದ ಉದಾಹರಣೆ ಮುಂದಿದೆ.

ಒಂದು ದೃಶ್ಯಕ್ಕೆ ಮಾತ್ರ ಈ ತಾಲೂಕುಗಳಲ್ಲಿ ಯಾವ ಸಜ್ಜಿಕೆಯೂ ಬೇಡ. ದೀಕ್ಷೆಯ ಬಳಿಕ ಬಹುಕಾಲ ಆಹಾರ ದೊರೆಯದ ಆದಿನಾಥ ಮುನಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಇಕ್ಷುರಸವನ್ನು ನೀಡಿದ ಪ್ರಸಂಗವದು. ಮಂಟಪದ ಪಕ್ಕದ ಹೊಲದಿಂದಲೇ ಕಬ್ಬು ಬರುತ್ತದೆ, ಅಲ್ಲಿಯೇ ಗಾಣ ತಿರುಗುತ್ತದೆ, ಆ ಹಾಲೇ ಕಲಶಕ್ಕೆ ಇಳಿಯುತ್ತದೆ.