ನರೋರಾದ 17 ತಾಸು: ಉಳಿಕೆ ಶಾಖವನ್ನು ಹೊರಹಾಕಿದ್ದು ಯಾವುದು?

ರಿಯಾಕ್ಟರಿನಲ್ಲಿ ವಿದಳನ ನಿಂತ ಮೇಲೂ ಇಂಧನ ಶಾಖವನ್ನು ಸೂಸುತ್ತಲೇ ಇರುತ್ತದೆ. ಸ್ಥಗಿತಗೊಂಡ ಕ್ಷಣದಲ್ಲಿ ಈ ಉಳಿಕೆ ಶಾಖ ಪೂರ್ಣ ಸಾಮರ್ಥ್ಯದ ಶೇ. 6ರಿಂದ 7ರಷ್ಟು, ತಾಸಿನ ನಂತರ ಶೇ. 1.5ರ ಆಸುಪಾಸು, ದಿನ ಕಳೆದರೆ ಶೇ. 0.5ರ ಹತ್ತಿರ. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ. ತಕರಾರಿರುವುದು ಉತ್ತರ ಪ್ರದೇಶದ ನರೋರಾ ಪ್ರಕರಣವನ್ನು ಅರ್ಥೈಸುವ ಬಗೆಯಲ್ಲಿ.

1993ರ ಮಾರ್ಚ್ 31ರ ನಸುಕಿನಲ್ಲಿ ಅಲ್ಲಿನ ಮೊದಲ ಘಟಕದ ಟರ್ಬೈನಿನ ಎರಡು ಅಲಗುಗಳು ಮುರಿದು, ಜಲಜನಕ ಸೋರಿ ಬೆಂಕಿ ಹತ್ತಿತು. ಕೇಬಲ್ಲುಗಳು ಸುಟ್ಟು ಸುಮಾರು 17 ತಾಸು ವಿದ್ಯುತ್ ಪೂರೈಕೆ ಕಡಿದುಹೋಯಿತು. ಆದರೂ ಇಂಧನ ಕರಗಲಿಲ್ಲ. ಸಹಜ ಪರಿಚಲನೆಯೇ ಕಾಪಾಡಿತೆಂಬುದು ರೂಢಿಯ ವಿವರಣೆ: ಕಾದ ಭಾರಜಲ ಹಗುರಾಗಿ ಮೇಲಿನ ಸ್ಟೀಮ್ ಜನರೇಟರುಗಳಿಗೆ ಏರುತ್ತದೆ, ಅಲ್ಲಿ ತಣಿದು ಇಳಿಯುತ್ತದೆ, ಪಂಪು ಬೇಕಿಲ್ಲ.

ಈ ವಿವರಣೆ ಸುಳ್ಳಲ್ಲ, ಅರೆಬರೆ. ಭಾರಜಲ ತಣಿಯಬೇಕಾದರೆ ಸ್ಟೀಮ್ ಜನರೇಟರಿನ ಇನ್ನೊಂದು ಬದಿಯಲ್ಲಿ ಸಾದಾ ನೀರು ಇರಬೇಕು; ಅದು ಹಬೆಯಾಗಿ ಹೋದಂತೆಲ್ಲ ಮತ್ತೆ ತುಂಬಬೇಕು. ಎಷ್ಟು? ಉಷ್ಣ ಸಾಮರ್ಥ್ಯ 750 ಮೆಗಾವಾಟ್ ಎಂದಿಟ್ಟುಕೊಂಡರೆ ಶೇ. 1 ಎಂದರೆ 7.5 ಮೆಗಾವಾಟ್. ಕಿಲೋ ತಣ್ಣೀರನ್ನು ಹಬೆಯಾಗಿಸಲು ಸುಮಾರು 2.5 ಮೆಗಾಜೌಲ್ ಬೇಕು. ಅಂದರೆ ಸೆಕೆಂಡಿಗೆ 3 ಕಿಲೋ, ತಾಸಿಗೆ ಹತ್ತು ಟನ್ನಿಗೂ ಮಿಕ್ಕಿ: ಗಂಟೆಗೊಂದು ದೊಡ್ಡ ಟ್ಯಾಂಕರ್ ಲಾರಿಯ ನೀರು. ಆ ನೀರು ಬಂದದ್ದು ಡೀಸೆಲ್ ಅಗ್ನಿಶಾಮಕ ಪಂಪುಗಳಿಂದ. ಹೊಗೆ ತುಂಬಿದ ನಿಯಂತ್ರಣ ಕೊಠಡಿಯನ್ನು ಬಿಟ್ಟು ಹೊರಬಂದ ಸಿಬ್ಬಂದಿಯೇ ಅವನ್ನು ಚಾಲೂ ಮಾಡಿದರು.

ಹಾಗಾಗಿ ನರೋರಾವನ್ನು ಸ್ವಯಂಚಾಲಿತ ಸುರಕ್ಷತೆಯ ಪುರಾವೆಯೆಂದು ಎಣಿಸಲಾಗದು ಎಂಬುದು ನನ್ನ ವಾದ. ಇದಕ್ಕೆ ಮಿತಿಗಳಿವೆ. ಪರಿಚಲನೆ ಇಲ್ಲದಿದ್ದರೆ ಎಷ್ಟು ನೀರು ಸುರಿದರೂ ಇಂಧನದ ಶಾಖ ಅದಕ್ಕೆ ತಲುಪುತ್ತಿರಲಿಲ್ಲ. ಸ್ಟೀಮ್ ಜನರೇಟರುಗಳಲ್ಲಿ ಮೊದಲೇ ಇದ್ದ ನೀರು ಸಿಬ್ಬಂದಿಗೆ ಒಂದಿಷ್ಟು ಸಮಯ ಒದಗಿಸಿತು. ಅಗ್ನಿಶಾಮಕ ನೀರಿನ ಮಾರ್ಗವೂ ವಿನ್ಯಾಸದಲ್ಲೇ ಇತ್ತು. ಆದರೆ ಮಾರ್ಗವಿರುವುದು ಬೇರೆ, ಅದರಲ್ಲಿ ನೀರು ಹರಿಯುವುದು ಬೇರೆ. 2011ರಲ್ಲಿ ಫುಕುಶಿಮಾ ದಾಯಿಚಿಯ ಮೊದಲ ಘಟಕದಲ್ಲಿ ಪಂಪಿಲ್ಲದೆ ಶಾಖ ತೆಗೆಯುವ ಐಸೋಲೇಷನ್ ಕಂಡೆನ್ಸರ್ ಇತ್ತು. ವಿದ್ಯುತ್ ಹೋದಾಗ ಕವಾಟಗಳು ಮುಚ್ಚಿಕೊಂಡು ಅದು ನಿರುಪಯುಕ್ತವಾಯಿತು.

ಕೈಗಾದ ಈಗಿನ ನಾಲ್ಕು ಘಟಕಗಳೂ ನರೋರಾದಂತೆ 220 ಮೆಗಾವಾಟಿನ ಭಾರಜಲ ರಿಯಾಕ್ಟರುಗಳೇ. ಅಲ್ಲಿನ 5 ಮತ್ತು 6ನೇ ಘಟಕಗಳಿಗೆ ಆಯ್ದ 700 ಮೆಗಾವಾಟ್ ವಿನ್ಯಾಸದಲ್ಲಿ ಹಬೆಯನ್ನು ಎತ್ತರದ ತೊಟ್ಟಿಗಳ ನೀರಿನಿಂದ ತಣಿಸಿ ಮರಳಿ ಇಳಿಸುವ ಏರ್ಪಾಡಿದೆ. ನನ್ನ ಆಕ್ಷೇಪದ ದೊಡ್ಡ ಭಾಗಕ್ಕೆ ಇದು ಉತ್ತರ. ತೊಟ್ಟಿಯ ನೀರೂ ಕುದಿದು ತೀರಿದ ಮೇಲೆ ಅದನ್ನು ತುಂಬುವ ಕೆಲಸವನ್ನು ಸುರಕ್ಷತಾ ವಿಶ್ಲೇಷಣೆಯಲ್ಲಿ ಯಂತ್ರದ ಲೆಕ್ಕಕ್ಕೆ ಬರೆಯಬೇಕೆ, ಸಿಬ್ಬಂದಿಯ ಲೆಕ್ಕಕ್ಕೆ ಬರೆಯಬೇಕೆ ಎಂಬುದು ಇನ್ನೂ ಚರ್ಚೆಯಾಗಬೇಕಿದೆ.