ಇಂಗಾಲ ದಹನ

ಸೂರ್ಯನ ಸುಮಾರು 8 ಪಟ್ಟಿಗಿಂತ ಹೆಚ್ಚು ದ್ರವ್ಯರಾಶಿಯಿರುವ ನಕ್ಷತ್ರಗಳ ಗರ್ಭದಲ್ಲಿ ಹೀಲಿಯಂ ತೀರಿದ ಮೇಲೆ, ಇಂಗಾಲದ ಬೀಜಗಳು ಪರಸ್ಪರ ಬೆಸೆದುಕೊಂಡು ಶಕ್ತಿ ಬಿಡುಗಡೆ ಮಾಡುವ ಹಂತ. 'ದಹನ' ಎನ್ನುವುದು ರೂಢಿಯ ಮಾತಷ್ಟೆ; ಒಲೆಯಲ್ಲಿ ಇದ್ದಿಲು ಉರಿಯುವುದಕ್ಕೂ ಇದಕ್ಕೂ ನಂಟಿಲ್ಲ. ಇಲ್ಲಿ ನಡೆಯುವುದು ಬೈಜಿಕ ಸಮ್ಮಿಲನ. ಸೂರ್ಯನಂಥ ನಕ್ಷತ್ರ ಈ ಹಂತ ಮುಟ್ಟುವುದೇ ಇಲ್ಲ. ಅದರ ಇಂಗಾಲ, ಆಮ್ಲಜನಕಗಳು ಕೊನೆಗುಳಿಯುವ ಶ್ವೇತ ಕುಬ್ಜದಲ್ಲಿ ಹಾಗೆಯೇ ಉಳಿದುಬಿಡುತ್ತವೆ.

ಇಂಗಾಲದ ಬೀಜದಲ್ಲಿ ಆರು ಪ್ರೋಟಾನ್‌ಗಳಿರುವುದರಿಂದ ಎರಡು ಬೀಜಗಳ ನಡುವಿನ ವಿಕರ್ಷಣೆ ಬಲವಾದದ್ದು. ಗರ್ಭ ಕುಗ್ಗುತ್ತ ಕುಗ್ಗುತ್ತ 60ರಿಂದ 80 ಕೋಟಿ ಕೆಲ್ವಿನ್‌ವರೆಗೆ ಕಾದಾಗ ಮಾತ್ರ ಅವು ಒಂದಾಗುತ್ತವೆ. ಒಂದಾಗಿ ಹುಟ್ಟಿದ ಮೆಗ್ನೀಷಿಯಂ-24ರಲ್ಲಿ ಅದು ತಾಳಿಕೊಳ್ಳಲಾರದಷ್ಟು ಶಕ್ತಿ ತುಂಬಿರುತ್ತದೆ. ಕೂಡಲೇ ಒಂದು ಆಲ್ಫಾ ಕಣವನ್ನು, ಅಂದರೆ ಹೀಲಿಯಂ ಬೀಜವನ್ನು, ಉಗುಳಿ ಅದು ನಿಯಾನ್-20 ಆಗುತ್ತದೆ, ಇಲ್ಲವೇ ಪ್ರೋಟಾನನ್ನು ಉಗುಳಿ ಸೋಡಿಯಂ-23 ಆಗುತ್ತದೆ. ಮೊದಲ ದಾರಿಯಲ್ಲಿ ಸುಮಾರು 46 ಲಕ್ಷ, ಎರಡನೆಯದರಲ್ಲಿ 22 ಲಕ್ಷ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಸಿಗುತ್ತದೆ. ಹೊರಬಿದ್ದ ಕಣಗಳನ್ನು ಅಕ್ಕಪಕ್ಕದ ಬೀಜಗಳು ನುಂಗುತ್ತವೆ. ಕೊನೆಗೆ ಉಳಿಯುವ ಬೂದಿಯಲ್ಲಿ ನಿಯಾನ್, ಮೆಗ್ನೀಷಿಯಂ, ಸೋಡಿಯಂ ಇರುತ್ತವೆ. ಹಿಂದಿನ ಹಂತದ ಆಮ್ಲಜನಕ ಬಹುಪಾಲು ಮುಟ್ಟದೆ ಉಳಿದಿರುತ್ತದೆ.

ನಕ್ಷತ್ರದ ಬದುಕು ದಿಕ್ಕು ಬದಲಿಸುವುದು ಇಲ್ಲಿಯೇ, ಅದಕ್ಕೆ ಕಾರಣ ನ್ಯೂಟ್ರಿನೊ ಎಂಬ ಕಣ. ಈ ಉಷ್ಣತೆಯಲ್ಲಿ ಬೆಳಕಿನ ಕಣಗಳಿಂದ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳು ಹುಟ್ಟುತ್ತವೆ. ಅಂಥ ಜೋಡಿಗಳು ಅಳಿಯುವಾಗ ಅಪರೂಪಕ್ಕೊಮ್ಮೆ ಬೆಳಕಿನ ಬದಲು ನ್ಯೂಟ್ರಿನೊಗಳು ಹೊಮ್ಮುತ್ತವೆ. ಬೆಳಕು ತಡವರಿಸುತ್ತ ಹೊರಬರಬೇಕು, ನ್ಯೂಟ್ರಿನೊಗಳನ್ನು ತಡೆಯುವವರಿಲ್ಲ. ತಳ ತೂತಾದ ಕೊಡದಿಂದ ನೀರು ಸೋರಿದಂತೆ ಶಕ್ತಿ ನೇರ ಹೊರಗೆ ಹೋಗುತ್ತದೆ. ಅದನ್ನು ತುಂಬಿಕೊಡಲು ಗರ್ಭ ಇಂಧನವನ್ನು ಅವಸರದಲ್ಲಿ ಸುಡಬೇಕಾಗುತ್ತದೆ. 15 ಸೂರ್ಯರಾಶಿಯ (ಸೂರ್ಯನ 15 ಪಟ್ಟು ದ್ರವ್ಯರಾಶಿಯ) ನಕ್ಷತ್ರ ಹೈಡ್ರೋಜನ್ ಸುಡಲು ಸುಮಾರು 1.1 ಕೋಟಿ ವರ್ಷ ತೆಗೆದುಕೊಂಡರೆ, ಲೆಕ್ಕಾಚಾರದ ಮಾದರಿಗಳ ಪ್ರಕಾರ ಇಂಗಾಲ ಮುಗಿಯಲು ಹೆಚ್ಚುಕಡಿಮೆ 2,000 ವರ್ಷ ಸಾಕು.

ಈ ಅವಸರ ಹೊರಮೈಗೆ ಬಹುಮಟ್ಟಿಗೆ ತಿಳಿಯುವುದೇ ಇಲ್ಲ. ಉಬ್ಬಿದ ಹೊದಿಕೆ ಹೊಂದಿಕೊಳ್ಳುವಷ್ಟರಲ್ಲಿ ಒಳಗಿನ ಆಟ ಮುಗಿದಿರುತ್ತದೆ. ನಮ್ಮ ರೈತರ ಆರಿದ್ರಾ ಮಳೆಗೆ ಹೆಸರು ಕೊಟ್ಟ, ಮಹಾವ್ಯಾಧ ನಕ್ಷತ್ರಪುಂಜದ ಭುಜದ ಕೆಂಪು ಚುಕ್ಕೆಯನ್ನು ಎಷ್ಟು ದಿಟ್ಟಿಸಿದರೂ ಅದರ ಗರ್ಭ ಯಾವ ಹಂತದಲ್ಲಿದೆ ಎಂದು ಬಣ್ಣದಿಂದ ಹೇಳಲಾಗದು.

ಸುಡಲು ಎಷ್ಟು ಇಂಗಾಲ ಉಳಿದಿದೆ ಎಂಬುದನ್ನು ಹೀಲಿಯಂ ಹಂತವೇ ತೀರ್ಮಾನಿಸಿರುತ್ತದೆ: ಮೂರು ಹೀಲಿಯಂ ಸೇರಿ ಇಂಗಾಲವಾಗುತ್ತದೆ, ಇನ್ನೊಂದು ಸೇರಿದರೆ ಆಮ್ಲಜನಕ. ಇಂಗಾಲ ಧಾರಾಳವಾಗಿದ್ದರೆ ಗರ್ಭ ಕುದಿಯುವ ಎಸರಿನಂತೆ ಮಗುಚುತ್ತ ಉರಿಯುತ್ತದೆ. ಸುಮಾರು 20 ಸೂರ್ಯರಾಶಿ ದಾಟಿದ ನಕ್ಷತ್ರಗಳಲ್ಲಿ ಇಂಗಾಲದ ಪಾಲು ಕಡಿಮೆ. ನಡುಗರ್ಭದ ಉರಿ ನ್ಯೂಟ್ರಿನೊ ನಷ್ಟವನ್ನು ಮೀರಲಾರದೆ ಮಗುಚಾಟವಿಲ್ಲದೆಯೇ ಮುಗಿಯುತ್ತದೆ, ಗರ್ಭ ಹೆಚ್ಚು ಬಿಗಿಯಾಗುತ್ತದೆ. ಆಮೇಲೆ ಇಂಗಾಲ ಸುತ್ತಲಿನ ಪದರಗಳಲ್ಲಿ ಎಲ್ಲಿ, ಎಷ್ಟು ಸಲ ಹೊತ್ತಿಕೊಂಡಿತು ಎಂಬುದು ಕೊನೆಯ ಕಬ್ಬಿಣದ ಗರ್ಭದ ಗಾತ್ರ, ಬಿಗುವುಗಳನ್ನು ರೂಪಿಸುತ್ತದೆ. ಆ ಗರ್ಭ ಕುಸಿದ ನಂತರ ಉಳಿಯುವುದು ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಎಂಬ ಪ್ರಶ್ನೆಯ ಒಂದು ಎಳೆ ಹೀಗೆ ಇಂಗಾಲದವರೆಗೂ ಹಿಂದಕ್ಕೆ ಹೋಗುತ್ತದೆ. 8 ಸೂರ್ಯರಾಶಿಯ ಆಸುಪಾಸಿನವುಗಳ ಕಥೆ ಬೇರೆ: ನ್ಯೂಟ್ರಿನೊಗಳಿಂದ ತಣಿದ ಕೇಂದ್ರವನ್ನು ಬಿಟ್ಟು ಬದಿಯಲ್ಲಿ ಹೊತ್ತಿದ ಜ್ವಾಲೆ ಒಳಮುಖವಾಗಿ ತೆವಳುತ್ತದೆ.

ಇಷ್ಟೆಲ್ಲ ನಿಂತಿರುವ ಕ್ರಿಯೆಯ ವೇಗವನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಮಹಾ ಕಷ್ಟ. ನಕ್ಷತ್ರದೊಳಗಿನ ಘರ್ಷಣೆಯ ಶಕ್ತಿಯಲ್ಲಿ ಸಮ್ಮಿಲನ ಅತ್ಯಂತ ವಿರಳ. 1960ರಲ್ಲಿ ಕೆನಡಾದ ಚಾಕ್ ರಿವರ್‌ನಲ್ಲಿ ಆಲ್ಮ್‌ಕ್ವಿಸ್ಟ್, ಬ್ರೋಮ್ಲಿ, ಕ್ಯೂನರ್ ಅವರು ಈ ಕ್ರಿಯೆಯಲ್ಲಿ ಅನುರಣನದ ಏರಿಳಿತಗಳನ್ನು ಕಂಡರು. ಹೆಚ್ಚಿನ ಶಕ್ತಿಯ ಅಳತೆಗಳಿಂದ ಕಡಿಮೆ ಶಕ್ತಿಗೆ ಗೆರೆ ಎಳೆದು ಊಹಿಸುವುದು ಅಂದಿನಿಂದಲೇ ಅಪಾಯದ ಕೆಲಸ. 2018ರಲ್ಲಿ ಇಟಲಿಯ ಕೆಟಾನಿಯಾದ ತಂಡ ಇಂಗಾಲವನ್ನು ನೈಟ್ರೋಜನ್ ಬೀಜದೊಳಗೆ ಅಡಗಿಸಿ ಸಾಗಿಸುವ 'ಟ್ರೋಜನ್ ಕುದುರೆ' ವಿಧಾನದಿಂದ ವೇಗ ಹಿಂದಿನ ಊಹೆಗಿಂತ ಬಹಳ ಹೆಚ್ಚಿದೆ ಎಂದಿತು. ಅದರ ಲೆಕ್ಕವನ್ನು ಹಲವರು ಪ್ರಶ್ನಿಸಿದರು, ವಿವಾದ ಇತ್ಯರ್ಥವಾಗಿಲ್ಲ. ವೇಗ ನಿಜಕ್ಕೂ ಹೆಚ್ಚಾಗಿದ್ದರೆ ಇಂಗಾಲ ಕಡಿಮೆ ಉಷ್ಣತೆಯಲ್ಲೇ ಹೊತ್ತಿಕೊಳ್ಳುತ್ತದೆ, ನ್ಯೂಟ್ರಿನೊ ಸೋರಿಕೆ ಇಳಿದು ಹಂತ ದೀರ್ಘವಾಗುತ್ತದೆ, 8 ಸೂರ್ಯರಾಶಿಯ ಗಡಿಯೂ ಕೆಳಗೆ ಸರಿಯುತ್ತದೆ.